ಹಳದಿ ಮೂಲೆಯ ಲಕೋಟೆ

ವಿಸಿಲ್ ಬಿತ್ತು, ಬಸ್ಸು ಹೊರಟಿತು, ಯಾರು ಇಳಿದರೋ ಕಾಣಲಿಲ್ಲ — ಹಿಂದಿನ ಬಾಗಿಲಿನ ತನಕ ಬರೀ ಬೆನ್ನುಗಳು, ಕಾರ್ಖಾನೆಗಳು ಬಿಟ್ಟ ಹೊತ್ತು, ಅಂಗಿಗಳಿಂದ ಲೇತಿನ ಎಣ್ಣೆಯ ವಾಸನೆ ಏಳುತ್ತಿದೆ, ಇವರ ಅಂಗಿಯೂ ಹೀಗೇ, ಎಷ್ಟು ಕುಕ್ಕಿದರೂ ಹೋಗದು, ಆಗ ಸ್ವಂತ ಶೆಡ್ಡಿನ ಎಣ್ಣೆ, ಈಗ ಕೂಲಿಗೆ ಹೋಗುವ ಶೆಡ್ಡಿನದು, ಸೋಪಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತದೆ. ಪಂಕಜಾ ಮಲ್ಲಿಗೆ ಮುಡಿದು ಮುಂದಿನ ಹೆಂಗಸರ ಸೀಟಿನಲ್ಲಿ ಕೂತಿದ್ದಳು, ಹಿಂದೆಲ್ಲೋ ಗಂಡ, ಊರಿಗೆಲ್ಲ ನಾಣಿ, ಅವಳಿಗೆ ಮಾತ್ರ ಇವರು. ಈಗ ಬಸ್ಸು ಬಿಟ್ಟದ್ದು ಜಾಲಹಳ್ಳಿ ಕ್ರಾಸು, ಹೋದ ವರ್ಷ ಅಣ್ಣನ ಮಗಳ ನಾಮಕರಣಕ್ಕೆ ಹೊರಟಾಗ ಇವರು ಇದೇ ಕ್ರಾಸಿನಲ್ಲಿ ಸದ್ದಿಲ್ಲದೆ ಇಳಿದು ಬಾಗಲಗುಂಟೆಗೆ ವಾಪಸು ನಡೆದುಬಿಟ್ಟಿದ್ದರು, ಅವಳಿಗೆ ತಿಳಿದದ್ದು ಯಶವಂತಪುರದಲ್ಲಿ, ತೊಟ್ಟಿಲ ಮುಂದೆ ಒಬ್ಬಳೇ ನಿಂತು ಅವರಿಗೆ ಜ್ವರ ಅತ್ತಿಗೆ ಎಂದದ್ದು, ಅತ್ತಿಗೆ ನಂಬದಿದ್ದರೂ ನಂಬಿದ ಹಾಗೆ ತಲೆ ಆಡಿಸಿದ್ದು, ಅದಕ್ಕೂ ಅತ್ತಿಗೆಗೆ ಋಣಿಯೇ. ಇವತ್ತು ಮಾತ್ರ ಇಳಿಯಬಾರದು ದೇವರೇ, ಇವತ್ತು ಹನುಮಂತರಾಯಪ್ಪನವರ ಮಗಳ ಮದುವೆಯ ಆರತಕ್ಷತೆ, ಇವತ್ತು ಇಳಿದರೆ ಇನ್ನು ಯಾವ ಜನರ ನಡುವೆಯೂ ಇವರನ್ನು ನಿಲ್ಲಿಸಲಾಗದು. ಟಿಕೆಟ್ ಟಿಕೆಟ್, ನಿಮ್ದು ಹಿಂದೆ ಯಜಮಾನ್ರು ತಗೊಂಡವ್ರಮ್ಮ, ಎರಡು ಲಗ್ಗೆರೆ. ಕಂಡಕ್ಟರಿಗೆ ಕೈ ಮುಗಿಯೋಣ ಎನಿಸಿತು, ಎರಡು ತೆಗೆದುಕೊಂಡಿದ್ದಾರೆ, ಆದರೆ ನಾಮಕರಣಕ್ಕೆ ಹೊರಟಾಗಲೂ ಎರಡೇ ತೆಗೆದುಕೊಂಡಿದ್ದರಲ್ಲ.

ಹನುಮಂತರಾಯಪ್ಪನವರದು ಕಬ್ಬಿಣದ ಅಂಗಡಿ, ಇವರ ಶೆಡ್ಡು ನಡೆಯುತ್ತಿದ್ದಾಗ ಸರಳು ತಗಡು ಎಲ್ಲ ಅಲ್ಲಿಂದಲೇ, ಕಡ, ಮುಂದಿನ ತಿಂಗಳು ಕೊಡಿ ಸ್ವಾಮಿ ಎನ್ನುತ್ತಿದ್ದರು. ಆಮೇಲೆ ಇವರು ಮಾಡಿದ ಬಿಡಿಭಾಗ ಕೊಳ್ಳುತ್ತಿದ್ದ ದೊಡ್ಡ ಕಂಪನಿ ಬಾಗಿಲು ಹಾಕಿತು, ಇವರ ಬಿಲ್ಲು ಅದರ ಜೊತೆಗೇ ಮುಳುಗಿತು, ಒಂಬತ್ತು ಜನಕ್ಕೆ ಸಾಲ ನಿಂತಿತು, ಪತ್ರಗಳು ಶುರುವಾದವು. ಗೇಟಿನಲ್ಲಿ ಪೋಸ್ಟ್‌ಮ್ಯಾನ್ ಆಂಜಿನಪ್ಪ ನಿಂತು, ನಾರಾಯಣರಾವ್, ರಿಜಿಸ್ಟ್ರಿ! ಎಂದು ವಠಾರಕ್ಕೆಲ್ಲ ಕೇಳುವಂತೆ ಕೂಗುವುದು, ತಮ್ಮ ಹೆಸರೇ ಕಿವಿಗೆ ಬಿದ್ದು ಇವರು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುವುದು, ಒಳಗೆ ನೀರಿನ ಸದ್ದೂ ಇಲ್ಲ. ಒಂದು ದಿನ ಆಂಜಿನಪ್ಪನೇ ತಲೆ ತಗ್ಗಿಸಿಕೊಂಡು, ಇನ್ಮೇಲೆ ಕೂಗಲ್ಲ ಕಣಮ್ಮ, ಸೈಕಲ್ ಬೆಲ್ಲು ಎರಡ್ಸಲ ಒಡೀತೀನಿ, ನೀವೇ ಬಂದ್ಬಿಡಿ, ಅಂದ. ಯಾರು ಹೇಳಿಕೊಟ್ಟರು ಅವನಿಗೆ, ಯಾರೂ ಇಲ್ಲ, ಅವನ ಹೊಟ್ಟೆ ತಣ್ಣಗಿರಲಿ, ಸಂಕ್ರಾಂತಿಗೆ ಅವನ ಮನೆಗೆ ಎಳ್ಳು ಬೀರಲು ಮರೆಯಬಾರದು —

ಪೀಣ್ಯ, ಯಾರ್ರೀ ಪೀಣ್ಯ, ಬೇಗ ಇಳ್ಕಳ್ರೀ. ಕತ್ತು ತಿರುಗಿಸಿದಳು, ಬೆನ್ನುಗಳು, ಒಂದು ಟಿಫಿನ್ ಕ್ಯಾರಿಯರ್ರು, ಬಿಳಿ ಅಂಗಿಯೊಂದು ಇಳಿದ ಹಾಗಾಯಿತು, ಇವರದೂ ಬಿಳಿಯೇ, ಅವಳೇ ನೀಲಿ ಹಾಕಿ ಒಗೆದದ್ದು, ಅಯ್ಯೋ ನೀಲಿ ಇಲ್ಲದಿದ್ದರೆ ಗುರುತಾದರೂ ಸಿಗುತ್ತಿತ್ತು. ಆ ಪತ್ರಗಳ ಕಾಲದಲ್ಲೇ ಶ್ಯಾಮಣ್ಣ ವಕೀಲರು ಸಿಕ್ಕಿದ್ದು, ಕೋರ್ಟು, ಸಾಲ ಕೊಟ್ಟ ಒಂಬತ್ತೂ ಜನರ ಸಭೆ, ರೂಪಾಯಿಗೆ ನಲವತ್ತು ಪೈಸೆಯಂತೆ ನಾಲ್ಕು ವರ್ಷ ಕೊಟ್ಟರೆ ಮಿಕ್ಕದ್ದು ಮಾಫಿ, ಒಪ್ಪುತ್ತೀರಾ? ನಾಲ್ಕು ಜನ ಒಪ್ಪಿದರು, ನಾಲ್ಕು ಜನ ಆಗದು ಎಂದರು, ಎಲ್ಲರಿಗಿಂತ ಹೆಚ್ಚು ಬರಬೇಕಾಗಿದ್ದ ಹನುಮಂತರಾಯಪ್ಪನವರು ಉಳಿದರು, ಅವರ ಮಾತಿನ ಮೇಲೇ ಎಲ್ಲ. ಪೇಟ ಸರಿಮಾಡಿಕೊಂಡು ಎದ್ದರು. ಆವಯ್ಯ ಊರು ಬಿಟ್ಟು ಓಡೋಗ್ಲಿಲ್ಲ ಸ್ವಾಮಿ, ಮನೇಲೇ ಅವ್ರೆ. ಕೈಲಾದಷ್ಟು ಕೊಡ್ಲಿ. ನನ್ ಒಪ್ಗೆ ಐತೆ. ಅಷ್ಟೇ, ಕೂತರು. ಅವರ ಕಾಲಿಗೆ ಬೀಳಬೇಕು ಎಂದು ಅವಳು ಏಳುವಷ್ಟರಲ್ಲಿ ಇವರು ಮೆಟ್ಟಿಲಿಳಿದು ಬೀದಿ ಸೇರಿದ್ದರು, ಹಿಂದೆ ಓಡಬೇಕಾಯಿತು, ಆ ಒಂದು ಮಾತು ಒಂದೂವರೆ ವರ್ಷದಿಂದ ನಾಲಿಗೆಯ ಮೇಲೇ ಉಳಿದಿದೆ, ನೀವು ನಮ್ಮನ್ನು ಉಳಿಸಿದಿರಿ ಎಂಬ ಮಾತು.

ಆದರೆ ಪತ್ರಗಳಿಗೆ ಕೋರ್ಟು ಕಚೇರಿ ಗೊತ್ತೇ, ಸಾಲ ಕೊಟ್ಟವರ ಗುಮಾಸ್ತರು ರೂಢಿಯ ಮೇಲೆ ಬರೆದು ಹಾಕುತ್ತಲೇ ಇದ್ದರು, ಬಾಕಿ ಪಾವತಿಸತಕ್ಕದ್ದು, ತಪ್ಪಿದಲ್ಲಿ. ವಕೀಲರು ಹೇಳಿದರು, ಒಡೀಬೇಡಿ, ಉತ್ತರ ಬರೀಬೇಡಿ, ತಂದು ನನ್ನ ಮೇಜಿನ ಮೇಲೆ ಹಾಕಿ, ಇನ್ನು ಅದು ನಿಮ್ಮ ತಲೆನೋವಲ್ಲ ತಾಯಿ. ನಿಮ್ಮ ತಲೆನೋವಲ್ಲ! ಅವತ್ತು ರಾತ್ರಿ ಇಬ್ಬರೂ ಕೊರಡಿನ ಹಾಗೆ ಮಲಗಿದ್ದರು. ಅಂದಿನಿಂದ ಲಕೋಟೆ ಬಂದರೆ ಸತ್ತ ಜಿರಳೆಯನ್ನು ಹಿಡಿದ ಹಾಗೆ ತುದಿಯಲ್ಲಿ ಹಿಡಿದು, ಮುಖ ತಿರುಗಿಸಿ ವೈರು ಬುಟ್ಟಿಗೆ ತುರುಕುವುದು, ತಿಂಗಳಿಗೊಮ್ಮೆ ವಕೀಲರಿಗೆ. ಈಚೆಗೆ ಒಂದು ದಿನವೂ ಹಾಗೇ, ಚಿತ್ರಾನ್ನದ ಒಗ್ಗರಣೆ ಒಲೆಯ ಮೇಲೆ, ಬೆಲ್ಲು ಎರಡು ಸಲ, ಕಬ್ಬಿಣದ ಅಂಗಡಿಯ ನೇರಳೆ ಮೊಹರು ಕಂಡದ್ದೇ ಬುಟ್ಟಿಗೆ ಹಾಕಿದಳು, ಹೆಬ್ಬೆರಳಿಗೆ ಹಳದಿ ಹತ್ತಿತ್ತು, ಒಗ್ಗರಣೆಯದೇ ಇರಬೇಕು ಎಂದು ಸೆರಗಿಗೆ ಒರೆಸಿಕೊಂಡಳು. ಹದಿನೈದು ದಿನ ಬಿಟ್ಟು ವಕೀಲರ ಮೇಜಿನ ಮೇಲೆ ಬುಟ್ಟಿ ಸುರಿದಳು, ಅವರು ಅದನ್ನು ಒಡೆದು ನೋಡಿ, ಅಮ್ಮಾ ಇದು ನನಗೆ ಬಂದದ್ದಲ್ಲ, ಅಂದರು — ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಮದುವೆಯ ಕರೆಯೋಲೆ, ಕೆಳಗೆ ಹನುಮಂತರಾಯಪ್ಪನವರದೇ ಕೋಳಿಕಾಲಿನ ಅಕ್ಷರದಲ್ಲಿ, ದಂಪತಿ ಸಮೇತ ಬರಲೇಬೇಕು. ಸಾಲ ಕೊಟ್ಟವರು ಸಾಲಗಾರರನ್ನು ದಂಪತಿ ಸಮೇತ ಕರೆದಿದ್ದಾರೆ. ಅಲ್ಲೇ ಕುರ್ಚಿಯಲ್ಲಿ ಅತ್ತುಬಿಟ್ಟಳು, ನಾಚಿಕೆಗೋ ಸಂತೋಷಕ್ಕೋ, ಎರಡಕ್ಕೂ.

ಅಳು ನಿಂತ ಮೇಲೆ ಭಯ ಹತ್ತಿತು, ಸಾರ್, ಒಂಬತ್ತು ಜನದಲ್ಲಿ ಒಬ್ಬರಿಗೆ ಮಾತ್ರ ಐದು ರೂಪಾಯಿ ಕೂಡ ಬೇರೆಯಾಗಿ ಕೊಡಬಾರದು, ಕೊಟ್ಟರೆ ಏರ್ಪಾಡೇ ಮುರಿಯುತ್ತದೆ ಅಂದಿದ್ದಿರಿ, ಮದುವೆಗೆ ಹೋದ ಮೇಲೆ ಮುಯ್ಯಿ ಹಾಕದೆ ಊಟಕ್ಕೆ ಹೇಗೆ ಕೂರುವುದು, ಹಾಕಿದರೆ ಬರೆದುಕೊಳ್ಳುತ್ತಾರೆ, ಬರೆದದ್ದು ಕೋರ್ಟಿಗೆ ಗೊತ್ತಾದರೆ? ಮಿಕ್ಕ ಎಂಟು ಜನಕ್ಕೂ ಹನ್ನೊಂದು ಹನ್ನೊಂದು ಕೊಟ್ಟುಬಿಡಲೇ? ವಕೀಲರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಹೋಗಿ ತಾಯಿ, ಹುಡುಗಿಗೆ ಹನ್ನೊಂದು ರೂಪಾಯಿ ಆಶೀರ್ವಾದ ಮಾಡಿದರೆ ಯಾವ ಜಡ್ಜೂ ಬೇಡ ಅನ್ನಲ್ಲ. ಒಳ್ಳೆಯ ಮನುಷ್ಯರು, ಎಷ್ಟು ಒಳ್ಳೆಯವರು ಸಿಕ್ಕರು ಈ ಕೆಟ್ಟ ಕಾಲದಲ್ಲಿ. ಮನೆಗೆ ಬಂದು ಹೇಳಿದರೆ ಇವರು ಓಲೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು, ಬರ್ತೀನಿ ಕಣೇ, ಅಂದರು. ಮುಯ್ಯಿಯ ಕವರಿಗೆ ಅವಳೂ ಮಧ್ಯಾಹ್ನ ಅರಿಶಿನ ಹಚ್ಚಿದಳು, ಒಣಗಲು ಬಿಡದೆ ಇವರು ಅಂಗಿಯ ಜೇಬಿಗೆ ಹಾಕಿಕೊಂಡರು. ಕವರು ಇವರ ಹತ್ತಿರವೇ ಇದೆ. ಇಳಿದಿದ್ದರೆ ಅದೂ ಹೋಯಿತು.

ಲಗ್ಗೆರೆ, ಲಗ್ಗೆರೆ. ನೆಲಕ್ಕೆ ಕಾಲಿಟ್ಟಳು, ಬಸ್ಸಿನ ಹೊಗೆ, ಎದುರಿಗೆ ಛತ್ರದ ಬಣ್ಣದ ದೀಪಗಳು, ಹಿಂದಿನ ಬಾಗಿಲಿಂದ ಒಬ್ಬರು, ಇಬ್ಬರು, ಮೂರನೆಯವರೂ ಅಲ್ಲ — ಆಮೇಲೆ ಇವರು, ಕ್ರಾಪು ಕೆದರಿ, ಜೇಬಿನ ಮೇಲೆ ಕೈ ಒತ್ತಿಕೊಂಡು. ಏನೇ ಹಂಗೆ ನೋಡ್ತೀಯ, ಅಂದರು, ಏನಿಲ್ಲ, ಅಂದಳು. ಛತ್ರದ ಬಾಗಿಲಲ್ಲೇ ಮುಯ್ಯಿ ಬರೆಯುವ ಮೇಜು, ಕೂತವನು ಅಂಗಡಿಯ ಗುಮಾಸ್ತ, ಅದೇ ಅಕ್ಷರ, ಬಾಕಿ ಪಾವತಿಸತಕ್ಕದ್ದು ಎಂದು ಬರೆಯುತ್ತಿದ್ದ ಅದೇ ಕೈ, ತಲೆ ಎತ್ತದೆ ಕೇಳಿದ, ಯಾರ್ ಹೆಸ್ರು? ಅವಳಿಗೆ ಬಚ್ಚಲಿನ ಚಿಲಕದ ಸದ್ದು ಕೇಳಿದ ಹಾಗಾಯಿತು. ನಾರಾಯಣರಾವ್, ಅಂದರು ಇವರು, ಆಂಜಿನಪ್ಪ ಕೂಗುತ್ತಿದ್ದಷ್ಟೇ ಜೋರಾಗಿ, ಬಾಗಲಗುಂಟೆ ನಾರಾಯಣರಾವ್, ದಂಪತಿ ಸಮೇತ ಅಂತ ಬರ್ಕೊಳ್ಳಿ. ಆ ಸದ್ದಿಗೆ ಒಳಗಿಂದ ಪೇಟವೊಂದು ತಿರುಗಿತು, ಬಂದ್ರಾ ರಾಯ್ರೇ, ಬನ್ನಿ, ಅಮ್ಮಾವ್ರೂ ಬನ್ನಿ, ಊಟ ಮಾಡ್ಕೊಂಡೇ ಓಗ್ಬೇಕು. ಅವಳು ಒಂದೂವರೆ ವರ್ಷದಿಂದ ಹೊತ್ತ ಮಾತನ್ನು ಆಡಲು ಬಾಯಿ ತೆರೆದಳು, ನೀವು ನಮ್ಮನ್ನು, ನೀವು — ಅಷ್ಟರಲ್ಲಿ ಇವರು ಕವರನ್ನು ಮೇಜಿನ ಮೇಲಿಟ್ಟು ಹನುಮಂತರಾಯಪ್ಪನವರಿಗೆ ಎರಡೂ ಕೈ ಜೋಡಿಸಿದರು, ಎಣ್ಣೆಗಪ್ಪು ಹಿಡಿದ ಆ ಹೆಬ್ಬೆರಳು, ಅದರ ತುದಿಯಲ್ಲಿ ಹಳದಿ.