ಕರೆದರೆ ಬರುವ ಮೀನು

ಸಿಮೆಂಟು ಹೊತ್ತ ಹಡಗೊಂದು ವರ್ಷಗಳ ಹಿಂದೆ ನಮ್ಮ ಪೆಂಬಾ ದ್ವೀಪದ ದಂಡೆಯೆದುರೇ ಮುಳುಗಿತು. ಅದರ ಅಡುಗೆಯವ ನನ್ನ ಸೋದರಮಾವ ಮಕಾಮೆ. ಹೆಣ ಸಿಗಲಿಲ್ಲ.

"ಹೆಣಾನೇ ನೋಡ್ದೆ, ಗಂಡ ಸತ್ತೋಳ ಥರ ಇದ್ದತ್ ಯಾಕ್ ಕೂರ್ಲಿ?" ಎಂದು ರಿಜಿಕಿ ಅತ್ತೆ ಶೋಕ ಹಿಡಿಯದೆ ಬಣ್ಣದ ಬಟ್ಟೆಯನ್ನೇ ಉಟ್ಟಳು.

ಈಗ ಬಿಳಿಯರು ಮೋಜಿಗೆಂದು ಆ ಹಡಗಿನೊಳಗೆ ಈಜುತ್ತಾರೆ. ಮೋಜಿಗೆ ಬೇರೆ ಜಾಗ ಸಿಗಲಿಲ್ಲ ಅವರಿಗೆ! ಕರೆದೊಯ್ಯುವ ದೋಣಿ ನನ್ನದೇ, ಹೊಟ್ಟೆಪಾಡು. ಹಡಗಿನ ಅಡುಗೆಮನೆಯಲ್ಲೊಂದು ದೊಡ್ಡ ಮೀನಿದೆ, ಕೈಯಾಡಿಸಿ ಕರೆದರೆ ಹತ್ತಿರ ಬರುತ್ತದೆ ಎಂದು ಅವರು ಹೇಳಿದ್ದನ್ನು ಅತ್ತೆಗೆ ಹೇಳಿದೆ.

"ಅವ್ರೇ ಕಣೋ! ಯಾರ್ ಕರೆದ್ರೂ ಎದ್ದು ಹೋಗೋ ಬುದ್ಧಿ," ಎಂದು ನಕ್ಕಳು. ಅಂದಿನಿಂದ ನಾನು ದಡಕ್ಕೆ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಏನಂತಾರೋ ನಿಮ್ ಮಾವ? ಇನ್ನೂ ಒಲೆ ಮುಂದೇನಾ?"

ಮೊನ್ನೆ ಆ ಬಿಳಿಯರು ತಂಗುವ ಹೋಟೆಲಿನವರು ಆ ಮೀನನ್ನು ಈಟಿಯಲ್ಲಿ ಚುಚ್ಚಿ ತಂದು, ಕೆಂಡದಲ್ಲಿ ಸುಟ್ಟು ಅತಿಥಿಗಳಿಗೆ ಬಡಿಸಿದರು. ಅತ್ತೆ ಕೇಳಿದಾಗ ಹೇಳಲೇಬೇಕಾಯಿತು.

ಅವಳು ಸಮುದ್ರದತ್ತ ತಿರುಗಿದಳು.

"ಉಪ್ಪು ಸರಿಯಾಗಿ ಹಾಕಿದ್ರಂತಾ?" ಎಂದಳು.

ಆಮೇಲೆ ಒಳಗೆ ಹೋಗಿ, ಬಣ್ಣದ ಬಟ್ಟೆ ಕಳಚಿಟ್ಟು, ಇಷ್ಟು ವರ್ಷಗಳ ಮೇಲೆ ಇದ್ದತ್ ಕೂತಳು.