ಬಲಕ್ಕೆ ನಾಲ್ಕು ಮೊಟ್ಟೆ

ಎತ್ತಿದ ಗುದ್ದಲಿಯನ್ನು ಅಂಜಿನೇಯಲು ಹಾಗೇ ಕೆಳಗಿಳಿಸಿದ. ಹೊಸಹಳ್ಳಿಯ ಆ ಹೊಲದಲ್ಲಿ, ಹೆಣ ಹೂಳುವ ಕುಣಿ ತೋಡಬೇಕಾದ ಜಾಗದಲ್ಲೇ, ಬೆಣಚುಕಲ್ಲುಗಳ ನಡುವೆ ಟಿಟ್ಟಿಭದ ನಾಲ್ಕು ಮೊಟ್ಟೆ ಇದ್ದವು. ಹಕ್ಕಿಗಳೆರಡೂ ಅವನ ತಲೆಯ ಮೇಲೆ ಕಿರುಚಿಕೊಂಡು ಸುತ್ತುತ್ತಿದ್ದವು.

ಸುದ್ದಿ ಸಾವಿನ ಮನೆಗೆ ಬಂದಾಗ ಮಗಳು ಸುಮಲತಾ ಹಣೆ ಚಚ್ಚಿಕೊಂಡಳು. ಅಪ್ಪ ಶಿವಯೋಗಪ್ಪ ವಿಭೂತಿ ಧರಿಸಿ, ಗೋಡೆಗೆ ಒರಗಿ, ತನಗೇನೂ ಸಂಬಂಧವಿಲ್ಲದವನಂತೆ ಕೂತಿದ್ದ. ಸತ್ತ ಮೇಲೂ ಈ ಮನುಷ್ಯನ ತಕರಾರು ಮುಗಿಯಲಿಲ್ಲವಲ್ಲ ಎಂದು ಅಳುವಿನ ನಡುವೆಯೇ ಅವಳಿಗೆ ಸಿಟ್ಟು ಬಂತು. ಅವ್ವನ ಸಮಾಧಿಯ ಪಕ್ಕದಲ್ಲೇ ತನ್ನನ್ನು ಇಡಬೇಕೆಂದು ಅವನು ಅವಳಿಂದ ಮಾತು ತೆಗೆದುಕೊಂಡಿದ್ದ. ಸಮಾಧಿಯ ಎಡಕ್ಕೆ ಬಂಡೆ. ಬಲಕ್ಕೆ ಈಗ ಮೊಟ್ಟೆ.

*

ಶಿವಯೋಗಪ್ಪನ ಬಳಿ ಇದ್ದದ್ದು ಒಂದೇ ಪುಸ್ತಕ, ರಟ್ಟು ಕಿತ್ತುಹೋದ ವಚನಗಳ ಕಟ್ಟು. ಎಲ್ಲರೂ ಓದುತ್ತಾರೆ, ಇವನು ಓದಿದ್ದನ್ನು ನಂಬಿಬಿಟ್ಟಿದ್ದ, ಅದೇ ಪೀಡೆ. ಬಿತ್ತುವಾಗ ಮೊಟ್ಟೆ ಕಂಡರೆ ಕೂರಿಗೆ ಎತ್ತಿ, ಎತ್ತುಗಳನ್ನು ಸುತ್ತು ಬಳಸಿ ಹೊಡೆಯುತ್ತಿದ್ದ. ಜೋಳ ಎದ್ದಾಗ ಹೊಲದಲ್ಲಿ ಅಲ್ಲಲ್ಲಿ ಬೋಳು. ಬೀಜದ ಉಡಿ ಕಟ್ಟಿಕೊಂಡು ಅವನ ಹಿಂದೆ ಸುತ್ತಿ ಸುತ್ತಿ ಸಾಕಾದ ಹೆಂಡತಿ ಕೊಟ್ರಮ್ಮ ಒಮ್ಮೆ ನಿಂತೇಬಿಟ್ಟಳು.

"ಆ ಹಕ್ಕಿ ನಿಮ್ಮ ಬೀಗರೇನ್ರಿ?"

"ಬೀಗರಾಗಿದ್ರ ಊಟ ಹಾಕಬೇಕಿತ್ತು. ಇದು ಬರೀ ಜಾಗ ಕೇಳತೈತಿ."

ಅವಳು ಒಂದು ವಾರ ಅವನ ಜೊತೆ ಮಾತು ಬಿಟ್ಟಳು.

*

ಮಣ್ಣು ಮಾಡಿಸಲು ಹೊಲಕ್ಕೆ ಬಂದ ಕೊಟ್ರಸ್ವಾಮಿ ಅಯ್ಯನವರಿಗೆ ಮಧ್ಯಾಹ್ನ ಕೊಟ್ಟೂರಿನಲ್ಲಿ ಇನ್ನೊಂದು ಕಾರ್ಯವಿತ್ತು. ಮೊಟ್ಟೆ ಎತ್ತಿ ಬದುವಿನ ಮೇಲಿಡಿ ಎಂದರು. ಎತ್ತಿಟ್ಟರೆ ಹಕ್ಕಿ ಮತ್ತೆ ಕೂರುವುದಿಲ್ಲವೆಂದು ಅಂಜಿನೇಯಲು ತಲೆ ತಗ್ಗಿಸಿಕೊಂಡೇ ಹೇಳಿದ. ಗಂಡ ಹೆಂಡತಿಯನ್ನು ದೂರ ದೂರ ಇಟ್ಟರೆ ಜನ ಏನೆಂದಾರು ಎಂದು ಚಿಕ್ಕಪ್ಪ ಗುರುಸಂಗಪ್ಪ ಗೊಣಗಿದ. ಎಲ್ಲರೂ ಸುಮಲತಾಳ ಕಡೆ ನೋಡಿದರು.

ಅವಳು ಅವ್ವನ ಸಮಾಧಿಯನ್ನೊಮ್ಮೆ ನೋಡಿ, ಅಯ್ಯನವರ ಕಡೆ ತಿರುಗಿದಳು.

"ಅಯ್ಯನೋರ, ಬೆಳಗಿಂದ ದಯದ ವಚನ ಹಾಡಿದ್ರಿ. ಅಪ್ಪಗ ಅವು ಬಾಯಿಪಾಠ ಇದ್ವು. ಮತ್ಯಾರಿಗೆ ಹಾಡಿದ್ರಿ?"

ಅಯ್ಯನವರು ಗಡಿಯಾರ ನೋಡಿಕೊಂಡರು. ಸುಮಲತಾ ಮೊಟ್ಟೆಗಳಾಚೆ ಕೈ ತೋರಿಸಿದಳು.

"ಹತ್ತು ಹೆಜ್ಜಿ ಆಚಿಗೆ ತೋಡು, ಅಂಜಿನೇಯಲು. ಅಪ್ಪನ ಹಿಂದ ಬಳಸಿ ನಡಿಯೋದು ಅವ್ವಗ ರೂಢಿ ಐತಿ."

ಹಿಡಿಮಣ್ಣು ಹಾಕುವಾಗ, ಮಾತು ಮುರಿದೆನಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಜನ ಬದು ದಾಟುವ ಮೊದಲೇ ಹಕ್ಕಿ ಇಳಿಯಿತು. ಹಳೆಯ ಸಮಾಧಿಗೂ ಹೊಸ ಮಣ್ಣಿಗೂ ನಡುವೆ ನಿಂತು ಅತ್ತ ಒಮ್ಮೆ, ಇತ್ತ ಒಮ್ಮೆ ನೋಡಿ, ಮೊಟ್ಟೆಗಳ ಮೇಲೆ ಕೂತಿತು.