ಉಳಿದರೆ ಸೀಟು

ನಮ್ಮ ವಿಮಾನ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಪ್ರಯಾಣ ಪುಕ್ಕಟೆ. ಹೊರಗಿನವರು ಇದನ್ನು ಕೇಳಿ ಹೊಟ್ಟೆ ಉರಿದುಕೊಳ್ಳುತ್ತಾರೆ. ಅವರಿಗೆ ಗೊತ್ತಿಲ್ಲದ್ದು ಇಷ್ಟೇ: ದುಡ್ಡು ಕೊಟ್ಟವರೆಲ್ಲ ಕೂತ ಮೇಲೆ ಸೀಟು ಉಳಿದರೆ ನಮಗೆ. ಉಳಿಯದಿದ್ದರೆ ಬಂದ ದಾರಿಗೆ ಸುಂಕವಿಲ್ಲ ಎಂದು ಬ್ಯಾಗು ಹಿಡಿದು ವಾಪಸು ಹೋಗಬೇಕು.

ನನ್ನ ಪಕ್ಕದ ಕೌಂಟರಿನವಳನ್ನು ನಾವೆಲ್ಲ ಖಾಲಿಯಕ್ಕ ಎನ್ನುತ್ತಿದ್ದೆವು. ಶನಿವಾರ ಬಂತೆಂದರೆ ಬೆಳಗಿನಿಂದ ಅವಳದು ಒಂದೇ ಜಪ: "ಅಣ್ಣ, ಸಾಯಂಕಾಲದ್ದು ಎಷ್ಟು ಖಾಲಿ ಇದೆ ನೋಡು." ಅವಳ ಗಂಡ ಆ ವಿಮಾನ ಹೋಗಿ ಇಳಿಯುವ ಊರಿನಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ. ಐದು ವರ್ಷದ ಮಗಳು ಅಲ್ಲೇ, ಅಜ್ಜಿಯ ಹತ್ತಿರ. ಅಲ್ಲಿಗೆ ವರ್ಗ ಕೇಳಿ ಕೇಳಿ ಖಾಲಿಯಕ್ಕನಿಗೆ ಸಾಕಾಗಿತ್ತು. ಬಸ್ಸಿನಲ್ಲಿ ಹೋಗುವುದಕ್ಕೇ ಒಂದು ರಾತ್ರಿ, ಅರ್ಧ ಹಗಲು ಬೇಕು. ಅವಳಿಗಿರುವ ರಜೆ ಭಾನುವಾರ ಒಂದೇ. ಹಾಗಾಗಿ ವಿಮಾನವೇ ಗತಿ.

ಮೊದಲೆಲ್ಲ ಆ ವಿಮಾನ ತುಂಬಿ ತುಳುಕುತ್ತಿತ್ತು. ತಿಂಗಳಿಗೊಮ್ಮೆ ಸೀಟು ಸಿಕ್ಕಿದರೆ ಪುಣ್ಯ. ಒಂದು ಸಲ ಬಹಳ ದಿನ ಬಿಟ್ಟು ಹೋದಾಗ ಮಗು ಅಜ್ಜಿಯ ಹಿಂದೆ ಅವಿತುಕೊಂಡು, "ಇವರು ಯಾರು?" ಎಂದು ಕೇಳಿತಂತೆ. ಇದನ್ನು ಅವಳು ನಗುನಗುತ್ತಲೇ ಹೇಳಿದಳು. ಹೇಳಿ, ಅರ್ಧ ಉಂಡ ಡಬ್ಬಿ ಮುಚ್ಚಿ ಎದ್ದುಹೋದಳು.

ಆಮೇಲೆ ಎದುರಾಳಿ ಕಂಪನಿಯೊಂದು ಬಂತು. ನಮ್ಮ ವಿಮಾನ ಹೊರಡುವುದಕ್ಕೆ ಸ್ವಲ್ಪ ಮೊದಲು ಅವರದು, ಅದೇ ಊರಿಗೆ. ಅವರು ದರ ಇಳಿಸಿದರು, ನಾವೂ ಇಳಿಸಿದೆವು. ಅವರು ನೀರಿನ ಬಾಟಲಿ ಕೊಟ್ಟರು, ನಾವು ಬಿಸ್ಕತ್ತು ಕೊಟ್ಟೆವು. ಈ ಕುಣಿದಾಟವೆಲ್ಲ ಯಾರ ಮುಂದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಆಫೀಸಿನವರು ಕೂತಲ್ಲೇ ಪರದೆಯ ಮೇಲೆ ಮೀಟಿಂಗ್ ಮುಗಿಸುವುದನ್ನು ಕಲಿತಿದ್ದರು. ಉಳಿದವರು ಹಾಸಿಗೆ ಇದ್ದಷ್ಟು ಕಾಲು ಚಾಚುತ್ತಿದ್ದರು. ಇದ್ದ ನಾಲ್ಕು ಜನರನ್ನು ಎರಡು ವಿಮಾನಗಳು ಹಂಚಿಕೊಂಡವು.

ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಅನ್ನುತ್ತಾರಲ್ಲ, ಆ ಮೂರನೆಯವಳು ನಮ್ಮ ಖಾಲಿಯಕ್ಕ. ವರ್ಷವಿಡೀ ಒಂದು ಶನಿವಾರವೂ ತಪ್ಪಲಿಲ್ಲ. ಮಗು ಅವಿತುಕೊಳ್ಳುವುದನ್ನು ಬಿಟ್ಟಿತು. ಈಗ ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ಕೂತಿರುತ್ತಿತ್ತಂತೆ.

ಆದರೆ ಖಾಲಿ ಸೀಟು ಕಂಪನಿಯ ಹೊಟ್ಟೆ ತುಂಬಿಸುವುದಿಲ್ಲ. ಒಂದು ಬೆಳಿಗ್ಗೆ ಮ್ಯಾನೇಜರು ನಮ್ಮನ್ನು ಕರೆದು, "ಶನಿವಾರದ್ದು ಈ ತಿಂಗಳು ತುಂಬಲಿಲ್ಲ ಅಂದ್ರೆ ಮುಂದಿನ ತಿಂಗಳಿಂದ ಬಂದ್. ಮೇಲಿಂದ ಬಂದಿರೋ ಮಾತು, ನನ್ನ ಮೇಲೆ ಹರಿಹಾಯಬೇಡಿ" ಎಂದರು. ಟಿಕೆಟ್ಟಿನ ದರ ಬಸ್ಸಿಗಿಂತ ಕೆಳಗಿಳಿಯಿತು.

ಅಂದಿನಿಂದ ಖಾಲಿಯಕ್ಕ ಟೊಂಕ ಕಟ್ಟಿ ನಿಂತಳು. ತನ್ನ ದಂತವೈದ್ಯರು, ಬಟ್ಟೆ ಹೊಲಿಯುವವಳು, ಕೆಳಗಿನ ಮನೆಯ ದಂಪತಿ, ಅವರ ಬೀಗರು, ಒಂದು ಕಾಲೇಜಿನ ವಾಲಿಬಾಲ್ ತಂಡ, ಹೀಗೆ ಅವಳ ಕೈಗೆ ಸಿಕ್ಕಿ ಟಿಕೆಟ್ ಕೊಳ್ಳದೆ ಪಾರಾದವರಿಲ್ಲ. "ಬಸ್ಸಲ್ಲಿ ಸೊಂಟ ಮುರ್ಕೊಳ್ಳೋ ದುಡ್ಡಲ್ಲಿ ಮೋಡದ ಮೇಲೆ ಹೋಗಿ ಅಂತಿದ್ದೀನಿ, ಇನ್ನೇನ್ರೀ ಯೋಚನೆ" ಎಂದು ಫೋನಿನಲ್ಲಿ ಗದರುತ್ತಿದ್ದಳು.

"ವಿಮಾನ ತುಂಬಿಹೋದ್ರೆ ನೀನು ರೆಕ್ಕೆ ಮೇಲೆ ಕೂರ್ತೀಯಾ?" ಎಂದು ನಾನು ಕಾಲೆಳೆದೆ.

"ಅಷ್ಟೆಲ್ಲ ತುಂಬಲ್ಲ ಬಿಡಣ್ಣ. ಅಷ್ಟು ದೊಡ್ಡ ವಿಮಾನದಲ್ಲಿ ನನ್ನೊಬ್ಬಳಿಗೆ ಜಾಗ ಸಿಗಲ್ವಾ?"

ವಾರ ವಾರಕ್ಕೆ ಜನ ಹೆಚ್ಚಿದರು. ಪ್ರತಿ ಸಲವೂ ಅವಳಿಗೊಂದು ಸೀಟು ಉಳಿಯಿತು. ತಿಂಗಳ ಕೊನೆಯ ಶನಿವಾರ ಮಾತ್ರ ಗೇಟಿನ ಮುಂದೆ ಸಾಲು ಕರಗಲೇ ಇಲ್ಲ. ಎಲ್ಲರೂ ಒಳಗೆ ಹೋದರು, ಒಬ್ಬರು ಬಾಕಿ, ಆ ದಂತವೈದ್ಯರು. ಬಾಗಿಲು ಮುಚ್ಚುವ ಹೊತ್ತಾಯಿತು. ನಾನು ಅವರ ಸೀಟನ್ನು ಖಾಲಿಯಕ್ಕನ ಹೆಸರಿಗೆ ಹಾಕಲು ಬೆರಳೆತ್ತಿದ್ದೆ. ಅಷ್ಟರಲ್ಲಿ ಆ ತುದಿಯಿಂದ ಡಾಕ್ಟರು ಏದುಸಿರು ಬಿಡುತ್ತ ಓಡಿಬರುವುದು ಕಂಡಿತು.

"ನಾನು ನೋಡಲಿಲ್ಲ ಅಂದ್ಕೋತೀನಿ, ನೀನು ನಡಿ" ಎಂದೆ ಮೆಲ್ಲಗೆ.

"ಬೇಡಣ್ಣ. ಕಾಡಿ ಬೇಡಿ ಕರೆದವಳು ನಾನೇ. ಈಗ ಬಾಗಿಲು ಹಾಕಿದ್ರೆ ಇನ್ನೊಂದ್ಸಲ ಬರ್ತಾರಾ?"

ಡಾಕ್ಟರು ಒಳಗೆ ಹೋಗುತ್ತ, "ನಿನ್ನಿಂದ ಉಪಕಾರ ಆಯ್ತಮ್ಮ. ಇನ್ಮೇಲೆ ನಂದು ಇದೇ ವಿಮಾನ" ಎಂದರು. ನಾನು ಬಾಗಿಲು ಹಾಕಿದೆ. ಮ್ಯಾನೇಜರು ಬಂದು, ಶನಿವಾರದ ವಿಮಾನ ಉಳಿಯಿತೆಂದು ಅವಳ ಕೈ ಕುಲುಕಿದರು. ಅವಳು ಇನ್ನೊಂದು ಕೈಯಲ್ಲಿ ಬ್ಯಾಗು ಹಿಡಿದೇ ಇದ್ದಳು.

ಅವರು ಹೋದ ಮೇಲೆ ಅವಳಿಗೆ ಫೋನು ಬಂತು. ನಿರ್ಜನವಾಗಿದ್ದ ಆ ಜಾಗದಲ್ಲಿ ಮಗುವಿನ ದನಿ ನನಗೂ ಕೇಳುತ್ತಿತ್ತು.

"ಅಮ್ಮ, ವಿಮಾನ ನಿಲ್ಲಿಸ್ಬಿಟ್ರಾ?"

"ಇಲ್ಲ ಮರಿ, ನಿಲ್ಲಿಸಲ್ಲ. ತುಂಬಾ ಜನ ಬಂದ್ಬಿಟ್ರು, ಅದಕ್ಕೆ ನಂಗೆ ಜಾಗ ಸಿಗ್ಲಿಲ್ಲ."

"ಅವರಿಗೆಲ್ಲ ಹೇಗೆ ಸಿಕ್ತು?"

"ಟಿಕೆಟ್ ತಗೊಂಡಿದ್ರು."

"ನೀನೂ ತಗೋಬೇಕಿತ್ತು."

ಖಾಲಿಯಕ್ಕ ನನ್ನ ಮುಖ ನೋಡಿದಳು. ಕೌಂಟರಿನಲ್ಲಿ ಕೂತು ಕೂತು ಇಬ್ಬರ ಕೂದಲೂ ನರೆಯುತ್ತ ಬಂದಿತ್ತು. ಊರಿಗೆಲ್ಲ ಟಿಕೆಟ್ ಮಾರಿದ ನಮಗೆ, ದುಡ್ಡು ಕೊಟ್ಟರೆ ನಮಗೂ ಒಂದು ಸಿಗುತ್ತದೆ ಎನ್ನುವುದು ಹೊಳೆದಿರಲೇ ಇಲ್ಲ. ಇಡೀ ತಿಂಗಳು ಅದು ಬಸ್ಸಿಗಿಂತ ಅಗ್ಗವಿತ್ತು.

"ಹೂಂ, ತಗೋಬೇಕಿತ್ತು" ಎಂದಳು.

"ಮುಂದಿನ ವಾರ ತಗೋತೀಯಾ?"

ಖಾಲಿಯಕ್ಕ ಕೇಳುವ ಮೊದಲೇ ನಾನು ಮುಂದಿನ ಶನಿವಾರದ್ದನ್ನು ತೆಗೆದು ನೋಡಿದೆ. ಜನ ಬರುತ್ತಾರೆಂದು ಗೊತ್ತಾಗಿದ್ದೇ ತಡ, ಕಂಪನಿ ದರವನ್ನು ಆಗಲೇ ಮೂರು ಪಟ್ಟು ಏರಿಸಿತ್ತು. ಪರದೆಯನ್ನು ಅವಳ ಕಡೆ ತಿರುಗಿಸಿದೆ. ಅವಳು ಓದಿದಳು.

"ನೋಡೋಣ ಮರಿ" ಎಂದಳು.